ಹೂ ಬಿಡದ ಗೊಂಡೆ

ಮಾರ್ಥಕ್ಕ ಕುಳಿತು ಚಹಾ ಕುಡಿದದ್ದನ್ನು ನಾನು ನೋಡಿರಲಿಲ್ಲ. ಲೋಟ ಹಿಡಿದುಕೊಂಡೇ ಬಾಲ್ಕನಿಗೆ ಹೋಗುತ್ತಾಳೆ, ಒಂದು ಗುಟುಕು ಕುಡಿದು ಒಣಗಿದ ಎಲೆ ಕೀಳುತ್ತಾಳೆ, ಎರಡನೆಯ ಗುಟುಕಿಗೆ ಮೊದಲೇ ಲೋಟ ಎಲ್ಲಿಟ್ಟೆ ಎಂದು ಹುಡುಕಲು ಶುರು ಮಾಡುತ್ತಾಳೆ. ಬಹ್ರೇನಿನ ಮಾಹೂಝ್‌ನಲ್ಲಿ ನಮ್ಮ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಅವಳ ಬಾಗಿಲು ನಮ್ಮ ಬಾಗಿಲಿಗೆ ಎದುರು. ಬಂದ ಹೊಸತರಲ್ಲಿ ನೀವು ತಾವು ಎನ್ನುತ್ತಿದ್ದೆವು, ಈಗ ಅದೆಲ್ಲ ಹೋಗಿ ನೀನು ಎನ್ನುವಷ್ಟು ಸಲಿಗೆ. ಅವಳ ಊರು ನಮ್ಮ ಕರಾವಳಿಯ ಶಿರ್ವದ ಹತ್ತಿರ. ಗಂಡ ಸ್ಟೀಫನ್‌ಗೆ ಸೌದಿಯಲ್ಲಿ ಕೆಲಸ, ವಾರದ ರಜೆಗೆ ಸೇತುವೆ ದಾಟಿ ಬಂದು ಹೋಗುತ್ತಾನೆ. ಮಗ ಕೀತ್ ಕೆನಡಾದಲ್ಲಿದ್ದಾನೆ.

ಮಾರ್ಥಕ್ಕ ಇಲ್ಲಿನ ಒಂದು ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ನರ್ಸ್. ಅವಳು ಸೂಜಿ ಚುಚ್ಚಿದರೆ ನೋವೇ ಆಗುವುದಿಲ್ಲ ಎಂದು ಹೆಸರು. ಅವಳ ಪಾಳಿ ಯಾವಾಗ ಎಂದು ಕೇಳಿಕೊಂಡು ಬರುವ ಅರಬಿ ಅಜ್ಜಂದಿರಿದ್ದಾರೆ. ಅವಳಿಗೆ ಅದರ ಹೆಮ್ಮೆ ಉಂಟು, ಆದರೆ ಆ ವಾರ್ಡಿನ ಬೇಸರವೂ ಉಂಟು.

"ನಮ್ಮಲ್ಲಿ ಯಾರೂ ಗುಣ ಆಗಿ ಮನೆಗೆ ಹೋಗುವುದಿಲ್ಲ ಆಶಾ. ಬರ್ತಾರೆ, ಹೋಗ್ತಾರೆ, ಪುನಃ ಬರ್ತಾರೆ. ಒಂದು ದಿನ ಬರುವುದಿಲ್ಲ. ಗಿಡ ಹಾಗಲ್ಲ ನೋಡು, ನೆಟ್ಟರೆ ಮೇಲೆ ಬರ್ತದೆ" ಎಂದು ಒಮ್ಮೆ ಹೇಳಿದ್ದಳು.

ಹಾಗಾಗಿ ಅವಳ ಬಾಲ್ಕನಿ ತುಂಬ ಕುಂಡಗಳು. ಬೇಸಿಗೆಯಲ್ಲಿ ಈ ದೇಶದ ಬಿಸಿಲಿಗೆ ಕಬ್ಬಿಣವೇ ಬಾಡುತ್ತದೆ, ಅವಳ ಬಸಳೆ ಬಾಡುವುದಿಲ್ಲ. ಸೆಖೆ ಇಳಿದ ಕೂಡಲೇ ಲಬಾನ್ ಮಜ್ಜಿಗೆಯ ಖಾಲಿ ಡಬ್ಬಿಗಳಲ್ಲಿ ಸಸಿ ಎಬ್ಬಿಸಿ ಹಂಚಲು ಹೊರಡುತ್ತಾಳೆ. ಈ ಹಂಚುವಿಕೆಗೆ ನಮ್ಮ ಕರಾವಳಿಯವರ ಕಟ್ಟಳೆಗಳಿವೆ. ಗಿಡ ಕೊಟ್ಟವರಿಗೆ ಥ್ಯಾಂಕ್ಸ್ ಹೇಳಬಾರದು, ಹೇಳಿದರೆ ಗಿಡ ಬದುಕುವುದಿಲ್ಲ. ಕೊಟ್ಟ ಗಿಡವನ್ನು ವಾಪಸ್ ಕೇಳಬಾರದು. ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರೂ ಪಾಲಿಸುತ್ತಾರೆ: ಗಿಡ ಸತ್ತರೆ ಕೊಟ್ಟವರಿಗೆ ತಿಳಿಸಬಾರದು. ತಿಳಿಸಿದರೆ ಅವರ ಕೈಗುಣಕ್ಕೆ ಕೊರತೆ.

ಈ ಮೂರನೆಯದನ್ನು ಮೀರಿದವಳು ನಾನೊಬ್ಬಳೇ. ಬಂದ ಮೊದಲ ವರ್ಷ ಅವಳು ಕೊಟ್ಟ ಬಸಳೆ ನಾಲ್ಕೇ ದಿನದಲ್ಲಿ ಕೊಳೆತಾಗ ಸೀದಾ ಹೋಗಿ, "ಮಾರ್ಥಕ್ಕಾ, ನಿಮ್ಮ ಬಸಳೆ ಸತ್ತಿತು" ಎಂದುಬಿಟ್ಟೆ. ಅವಳ ಮುಖ ಸಣ್ಣದಾಯಿತು. ಬಹಳ ದಿನ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಮೀನು ಸಾರು ಕೊಟ್ಟಳು, ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿ ಕೊಟ್ಟಳು, ನನ್ನ ಮಗಳ ಜ್ವರಕ್ಕೆ ರಾತ್ರಿಯಿಡೀ ಎಚ್ಚರವಿದ್ದು ನೋಡಿಕೊಂಡಳು, ಗಿಡ ಮಾತ್ರ ಇನ್ನೊಂದು ಕೊಡಲಿಲ್ಲ. "ನಿನ್ನ ಕೈ ಬಿಸಿ, ಅದಕ್ಕೆ ಆಗುವುದಿಲ್ಲ" ಎಂದು ತೀರ್ಮಾನ ಮಾಡಿದ್ದಳು.

ಕಳೆದ ಅಕ್ಟೋಬರಿನಲ್ಲಿ ಊರಿಂದ ತಂದ ಒಣ ಗೊಂಡೆ ಹೂಗಳನ್ನು, ಅದೇ ಚೆಂಡುಹೂಗಳನ್ನು, ಪುಡಿ ಮಾಡಿ ಒಂದು ಟ್ರೇಯಲ್ಲಿ ಬಿತ್ತಿದಳು. ಆ ಟ್ರೇ ಇಟ್ಟದ್ದು ಬಾಲ್ಕನಿಯ ಮೂಲೆಯಲ್ಲಿ, ಹಕ್ಕಿಗಳಿಗೆ ಕಾಳು ತುಂಬಿ ನೇತುಹಾಕಿದ ಬುಟ್ಟಿಯ ನೇರ ಕೆಳಗೆ. ಬುಲ್‌ಬುಲ್‌ಗಳಿಗೂ ಗುಬ್ಬಿಗಳಿಗೂ ಆ ಬುಟ್ಟಿಯೇ ಊಟದ ಮನೆ, ಅರ್ಧ ತಿಂದು ಅರ್ಧ ಚೆಲ್ಲುತ್ತವೆ. ಆ ವರ್ಷದ ಕಾಳು ಬೇರೆ ವಿಶೇಷದ್ದು. ಇಂಗ್ಲೆಂಡಿನಲ್ಲಿರುವ ತಮ್ಮ ರಾಫೆಲ್ ಬರುವಾಗ, ಅಕ್ಕನಿಗೆ ಹಕ್ಕಿ ಎಂದರೆ ಪ್ರಾಣ ಎಂದು, ಚಾಕಲೇಟಿನ ಜೊತೆ ಒಂದು ಮೂಟೆ ಹಕ್ಕಿಕಾಳು ತಂದಿದ್ದ. "ಲಂಡನ್ ಕಾಳು ಮಾರಾಯ್ತಿ, ಹಕ್ಕಿಗಳಿಗೆ ಎಂತ ಗತ್ತು ನೋಡು" ಎಂದು ನನ್ನನ್ನು ಕರೆದು ತೋರಿಸಿದ್ದಳು.

ಸಸಿ ಎದ್ದವು. ಗೊಂಡೆಯ ಹಾಗೆಯೇ ಅಂಚು ಗರಗಸ, ಎಲೆ ಬೆರಳು ಬೆರಳು. ಒಂದನ್ನು ತಾನಿಟ್ಟುಕೊಂಡು ಮೂರನ್ನು ಕೊಟ್ಟಳು: ತನ್ನ ವಾರ್ಡಿನ ಕಿರಿಯ ನರ್ಸ್ ಸೋನಲ್‌ಗೆ, ಮನಾಮದಲ್ಲಿ ಹೋಟೆಲ್ ಇಟ್ಟಿರುವ ವಸಂತಕುಮಾರನಿಗೆ, ಮುಹರ್ರಕ್‌ನ ಸುಲೈಖಕ್ಕನಿಗೆ. ಸುಲೈಖಕ್ಕ ಉಳ್ಳಾಲದವರು. ಎಷ್ಟೋ ವರ್ಷದ ಹಿಂದೆ ಬಹ್ರೇನಿನವರನ್ನು ಮದುವೆಯಾಗಿ ಇಲ್ಲಿಯವರೇ ಆದರು. ಅವರ ಯಜಮಾನರು ಕೊನೆಯ ಮೂರು ವರ್ಷ ಮಾರ್ಥಕ್ಕನ ಕೈಯಲ್ಲೇ ಸೂಜಿ ಹಾಕಿಸಿಕೊಂಡವರು.

ಡಿಸೆಂಬರ್ ಬಂತು. ಬಾಲ್ಕನಿಯ ಗೊಂಡೆ ನನ್ನ ಎದೆಯೆತ್ತರ ಬೆಳೆದು ನಿಂತಿತು, ಆದರೆ ಹಳದಿ ಹೂವಿನ ಸುಳಿವಿಲ್ಲ. ತುದಿಯಲ್ಲಿ ಹಸಿರು ಹಸಿರು ತೆನೆಯಂಥದ್ದೇನೋ. ಸಂಜೆ ಗಾಳಿ ಬೀಸಿದರೆ ನಮ್ಮ ಮನೆಯವರೆಗೆ ಒಂದು ಘಾಟು ವಾಸನೆ.

"ಇದು ಜಾತಿ ಗೊಂಡೆ. ತಡ ಮಾಡಿ ಹೂ ಬಿಡ್ತದೆ" ಎನ್ನುತ್ತಿದ್ದಳು ಮಾರ್ಥಕ್ಕ. ಎದುರು ಕಟ್ಟಡದವರಿಗೂ ಕಾಣಲಿ ಎಂದು ಕುಂಡವನ್ನು ಕಟಕಟೆಯ ಪಕ್ಕಕ್ಕೇ ಸರಿಸಿದ್ದಳು.

ಆ ಬುಧವಾರ ಸಂಜೆ, ಮಂಗಳೂರಿನಲ್ಲಿ ಫಾರ್ಮಸಿ ಓದುವ ನನ್ನ ಮಗಳು ಅಶ್ಮಿತಾ ರಜೆಗೆ ಬಂದವಳು, ಮಾರ್ಥಾ ಆಂಟಿಯ ಮನೆಗೆ ಹೋಗಿ ಬರುತ್ತೇನೆಂದು ಹೋದಳು. ಐದು ನಿಮಿಷದಲ್ಲಿ ವಾಪಸ್. ಬಾಗಿಲು ಹಾಕಿ ಚಿಲಕ ಹಾಕಿ, ಅದಕ್ಕೆ ಒರಗಿ ನಿಂತಳು.

"ಅಮ್ಮಾ, ಆಂಟಿಯ ಬಾಲ್ಕನಿಯಲ್ಲಿರೋದು ಗೊಂಡೆ ಅಲ್ಲ."

"ಮತ್ತೆಂತದು?"

"ಗಾಂಜಾ."

ನನ್ನ ಗಂಡ ಸರ್ವೋತ್ತಮ ಅದೇ ಆಗ ಡಿಪ್ಲೊಮ್ಯಾಟಿಕ್ ಏರಿಯಾದ ಆಫೀಸಿನಿಂದ ಬಂದು ಸಾಕ್ಸ್ ಬಿಚ್ಚುತ್ತಿದ್ದವರು ಒಂದು ಸಾಕ್ಸ್ ಕೈಯಲ್ಲಿ ಹಿಡಿದುಕೊಂಡೇ ಎದ್ದು ಕಿಟಕಿಯ ಪರದೆ ಎಳೆದರು. ಅವರ ಧೈರ್ಯ ಅಷ್ಟೇ.

ನಾನು ನಂಬಲಿಲ್ಲ. ಫೋನ್ ತೆಗೆದು ನೋಡುವ ಎಂದೆ. "ಅಯ್ಯೋ ಸರ್ಚ್ ಮಾಡ್ಬೇಡ ಅಮ್ಮಾ! ನನಗೆ ಗೊತ್ತು, ಸಿಲೆಬಸ್‌ನಲ್ಲಿ ಉಂಟು" ಎಂದಳು ಅಶ್ಮಿತಾ. ಉಳಿದ ಸಿಲೆಬಸ್ ಅವಳಿಗೆ ಇಷ್ಟು ಬಾಯಿಪಾಠ ಇದ್ದರೆ ಕಳೆದ ಸೆಮಿಸ್ಟರಿನಲ್ಲಿ ಎರಡು ಪೇಪರ್ ಉಳಿಯುತ್ತಿರಲಿಲ್ಲ. ಸೋಫಾದ ತುದಿಯಲ್ಲಿ ಕುಳಿತು ಪಿಸುಗುಡುತ್ತಲೇ ಹೇಳಿದಳು. ಇದರ ಹುಟ್ಟೂರು ಮಧ್ಯ ಏಷ್ಯಾದ ಬೆಟ್ಟಗಳ ಕಡೆ. ಅಲ್ಲಿಂದ ಹೊರಟದ್ದು ದಾರಿ ದಾರಿಯಲ್ಲಿ ರೂಪ ಬದಲಿಸಿತು. ಹಿಂದೂಕುಶ್‌ನ ಚಳಿಯಲ್ಲಿ ನಿಂತದ್ದು ಗಿಡ್ಡ, ಎಲೆ ಅಗಲ, ಬೇಗ ತೆನೆ ಕಟ್ಟುತ್ತದೆ. ನಮ್ಮ ದಕ್ಷಿಣದ ಘಟ್ಟಗಳಿಗೆ ಬಂದದ್ದು ಎತ್ತರ, ಎಲೆ ಸಪೂರ, ನಿಧಾನದ ಸ್ವಭಾವ. ಈಗ ಹುಡುಗರ ಬಾಯಲ್ಲಿ ಹೆಸರು ಮಾಡಿರುವ ತಳಿಗಳೆಲ್ಲ ಈ ಎರಡನ್ನು ಕೂಡಿಸಿ ಹೊರದೇಶಗಳಲ್ಲಿ ಮಾಡಿದ ಬೆರಕೆ. ಯುರೋಪಿಗೆ ಹೋದ ಮೂರನೆಯ ಕವಲನ್ನು ಅಲ್ಲಿಯವರು ಹಗ್ಗಕ್ಕೆ, ಹಡಗಿನ ಹಾಯಿಗೆ, ಕಾಳಿಗೆ ಎಂದು ಬೆಳೆಸಿದರು. ಅದರಲ್ಲಿ ಅಮಲು ಇಲ್ಲವೆನ್ನುವಷ್ಟು ಕಡಿಮೆ.

"ಕಾಳು ಎಂತಕ್ಕೆ?" ಎಂದೆ.

"ಹಕ್ಕಿಗಳಿಗೆ ಹಾಕ್ಲಿಕ್ಕೆ."

ನನಗೆ ಲಂಡನ್ನಿನ ಮೂಟೆ ನೆನಪಾಯಿತು. ಬೆಟ್ಟದಲ್ಲಿ ಹುಟ್ಟಿ, ಯುರೋಪಿನಲ್ಲಿ ಬೆಳೆದು, ರಾಫೆಲನ ಸೂಟ್‌ಕೇಸಿನಲ್ಲಿ ವೀಸಾ ಇಲ್ಲದೆ ಬಂದು ಮಾಹೂಝ್‌ನಲ್ಲಿ ಬೇರು ಬಿಟ್ಟಿತ್ತು ಅದು. "ಅಮಲು ಇಲ್ಲದ ಜಾತಿ ಅಲ್ವಾ, ಮತ್ತೆಂತಕ್ಕೆ ಹೆದರಿಕೆ?" ಎಂದು ನಾನು ಸಮಾಧಾನ ಮಾಡಿಕೊಳ್ಳಲು ನೋಡಿದೆ.

"ಪೊಲೀಸರು ಜಾತಿ ಕೇಳಿಕೊಂಡು ಹಿಡಿಯುವುದಿಲ್ಲ" ಎಂದರು ಸರ್ವೋತ್ತಮ. "ಮೊದಲು ಜೈಲು, ಮತ್ತೆ ಊರಿಗೆ ಗಡೀಪಾರು. ಎದುರು ಮನೆಯವರು ಅಂತ ನಮ್ಮನ್ನೂ ಕೇಳ್ತಾರೆ. ನಾಳೆಗೆ ಟಿಕೆಟ್ ಉಂಟಾ ನೋಡ್ತೇನೆ."

ಮಾರ್ಥಕ್ಕನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಸತ್ತ ಗಿಡದ ಸುದ್ದಿ ಹೇಳಿದವಳು ನಾನೇ, ಬದುಕಿದ ಗಿಡದ ಸುದ್ದಿಯನ್ನೂ ನಾನೇ ಹೇಳಬೇಕಾಯಿತು. ಕೇಳಿದವಳಿಗೆ ಮೊದಲು ಬಂದದ್ದು ಸಿಟ್ಟು.

"ನಾನು ನರ್ಸ್! ಅಮಲಿನ ಮದ್ದಿನ ಕಪಾಟಿನ ಬೀಗದ ಕೈ ನನ್ನ ಹತ್ತಿರ ಕೊಡ್ತಾರೆ, ಗೊತ್ತುಂಟಾ? ನನ್ನ ಮನೆಯಲ್ಲಿ ಗಾಂಜಾ ಅಂತೀಯಲ್ಲ!"

ಅಶ್ಮಿತಾ ಮೂಟೆಯ ತಳದಲ್ಲಿ ಉಳಿದ ಕಾಳನ್ನು ತಟ್ಟೆಗೆ ಸುರಿದು, ನವಣೆ, ಸೂರ್ಯಕಾಂತಿ ಎಲ್ಲ ಬದಿಗೆ ಸರಿಸಿ, ಬೂದು ಬಣ್ಣದ ಗೀರು ಗೀರಿನ ಗುಂಡು ಕಾಳುಗಳನ್ನು ತೋರಿಸಿದಳು. ಮಾರ್ಥಕ್ಕ ಒಂದನ್ನು ಬೆರಳಲ್ಲಿ ಹಿಡಿದು ನೋಡಿದಳು, ಬಾಲ್ಕನಿಯ ಬುಟ್ಟಿ ನೋಡಿದಳು, ಅದರ ಕೆಳಗಿನ ಟ್ರೇ ನೋಡಿದಳು. "ಸಾಯ್ಬಾ ಭೊಗೊಸ್" ಎಂದು ಶಿಲುಬೆಯ ಗುರುತು ಮಾಡಿಕೊಂಡಳು. ದೇವರು ಕ್ಷಮಿಸಲಿ ಎಂದು ಅವಳು ಕೊಂಕಣಿಗೆ ಹೊರಳಿದರೆ ವಿಷಯ ಗಂಭೀರವಾಗಿದೆ ಎಂದೇ ಅರ್ಥ.

ಬಾಲ್ಕನಿಯ ದೀಪ ಆರಿಸಿದೆವು. ಗಿಡವನ್ನು ಸೀರೆಯಲ್ಲಿ ಸುತ್ತಿ ಒಳಗೆ ತಂದೆವು. ಸುಟ್ಟರೆ ವಾಸನೆ ಬರುತ್ತದೆ, ಕಸದ ಡಬ್ಬಿಗೆ ಹಾಕಿದರೆ ಬೆಕ್ಕುಗಳು ಎಳೆದು ಹರಡುತ್ತವೆ. ಕೊನೆಗೆ ಕತ್ತರಿಸಿ ಮಿಕ್ಸಿಗೆ ಹಾಕಿ ಅರೆದು ಅರೆದು ಟಾಯ್ಲೆಟ್ಟಿಗೆ ಸುರಿದೆವು. ಮಿಕ್ಸಿ ಗುರ್ ಎಂದಾಗಲೆಲ್ಲ ಮಾರ್ಥಕ್ಕ ಬಾಗಿಲಿಗೆ ಓಡಿ ಕಿವಿ ಕೊಡುವಳು. ನೋಡಿದವರಿಗೆ ಕೊತ್ತಂಬರಿ ಚಟ್ನಿ ಎನ್ನಬಹುದಿತ್ತು, ವಾಸನೆ ಮಾತ್ರ ಚಟ್ನಿಯದ್ದಲ್ಲ. ಊದುಬತ್ತಿ ಹಚ್ಚಿದೆ, ಅವಳು ಬಂಗುಡೆ ಹುರಿಯಲು ಇಟ್ಟಳು. ಎಲ್ಲ ಮುಗಿದು ಟಾಯ್ಲೆಟ್ಟಿನ ನೀರು ತಿಳಿಯಾದಾಗ ಅವಳು ನನ್ನ ತೋಳು ಹಿಡಿದಳು.

"ಆಶಾ, ಉಳಿದ ಮೂರು?"

ಅದನ್ನು ನಾನು ಮರೆತೇಬಿಟ್ಟಿದ್ದೆ. ಅವಳು ಕೊಟ್ಟ ಮೂರು ಗಿಡಗಳು ಈ ದ್ವೀಪದ ಮೂರು ಕಡೆ ನಿಂತಿವೆ. ಯಾವುದೊಂದು ಸಿಕ್ಕಿಬಿದ್ದರೂ ಮೊದಲು ಹೇಳುವ ಮಾತು, ಮಾರ್ಥಾ ನರ್ಸ್ ಕೊಟ್ಟದ್ದು ಎಂದು. ಅವಳು ಜೈಲಿಗೆ ಹೋಗುವುದು ಒಂದು, ಆ ಮೂರು ಮನೆಯವರನ್ನೂ ಕರೆದುಕೊಂಡು ಹೋಗುವುದು ಇನ್ನೊಂದು. ಫೋನಿನಲ್ಲಿ ಆ ಶಬ್ದ ಎತ್ತುವ ಹಾಗಿಲ್ಲ. ಸುಮ್ಮನೆ, ಗಿಡ ಹೇಗುಂಟು ಎಂದು ಕೇಳುವ ಹಾಗೆ ಫೋನ್ ಮಾಡಿದಳು, ಸ್ಪೀಕರ್ ಹಾಕಿದಳು.

"ಆಂಟೀ, ಸೂಪರ್! ನನ್ನ ಸೊಂಟದವರೆಗೆ ಬಂದಿದೆ. ಬಿಲ್ಡಿಂಗಿನವರೆಲ್ಲ ಫೋಟೊ ತೆಗೀತಾರೆ" ಎಂದಳು ಸೋನಲ್.

"ಕ್ಯಾಶ್ ಕೌಂಟರಿನ ಹತ್ತಿರವೇ ಇಟ್ಟಿದ್ದೇನೆ ಮಾರ್ಥಕ್ಕಾ. ಗಿರಾಕಿಗಳು ಬಂದವರೆಲ್ಲ ಎಲ್ಲಿಂದ ತಂದ್ರಿ ಅಂತ ಕೇಳ್ತಾರೆ, ನಿಮ್ಮ ಹೆಸರೇ ಹೇಳ್ತೇನೆ" ಎಂದ ವಸಂತಕುಮಾರ.

ಸುಲೈಖಕ್ಕ ಎಲ್ಲಕ್ಕಿಂತ ಖುಷಿಯಲ್ಲಿದ್ದರು. "ಭಾರೀ ಲಾಯ್ಕಲ್ಲಿ ಬಂದಿದೆ ಮಾರ್ಥ. ಶುಕ್ರವಾರ ಊಟಕ್ಕೆ ನಮ್ಮವರೆಲ್ಲ ಬರ್ತಾರಲ್ಲ, ನೀನೂ ಬಾ. ಅದರ ಎಲೆಗೆ ಎಂಥ ಪರಿಮಳ! ಎರಡೆಲೆ ಸುಲೈಮಾನಿ ಚಹಾಕ್ಕೆ ಹಾಕಿ ಕೊಡುವ ಅಂತ ಇದ್ದೇನೆ."

ಶುಕ್ರವಾರದ ಊಟಕ್ಕೆ ಬರುವವರಲ್ಲಿ ಸುಲೈಖಕ್ಕನ ಮಗ ರಿಝ್ವಾನ್ ಒಬ್ಬ. ಅವನು ಪೊಲೀಸ್. ಫೋನ್ ಇಟ್ಟ ಮೇಲೆ ಮಾರ್ಥಕ್ಕ ಅಡುಗೆಮನೆಯಿಂದ ಬಾಗಿಲಿಗೂ ಬಾಗಿಲಿನಿಂದ ಅಡುಗೆಮನೆಗೂ ನಡೆದಳು. ಬಂಗುಡೆ ಕರಟಿ ಹೋಗಿತ್ತು.

ಮರುದಿನ ಗುರುವಾರ ರಜೆ ಹಾಕಿದಳು. ನಾನು ಕಾರು ತೆಗೆದೆ. ಅವಳು ಪಕ್ಕದ ಸೀಟಿನಲ್ಲಿ ಕುಳಿತು ಎ.ಸಿ. ಜಾಸ್ತಿ ಮಾಡಿದಳು, ಕಡಿಮೆ ಮಾಡಿದಳು, ಕಿಟಕಿ ಇಳಿಸಿದಳು, ಏರಿಸಿದಳು. "ವಾಪಸ್ ಹೇಗೆ ಕೇಳುವುದು ಆಶಾ? ಕೊಟ್ಟದ್ದನ್ನು ಕೇಳ್ಲಿಕ್ಕೆ ನಾಚಿಕೆ ಆಗ್ತದೆ" ಎಂದಳು. ಜೈಲಿನ ಬಾಗಿಲಲ್ಲಿ ನಿಂತು ನಾಚಿಕೆ ನೋಡುವವಳು ಇವಳೊಬ್ಬಳೇ ಇರಬೇಕು. ಗಿಡಕ್ಕೆ ಹುಳ ಬಿದ್ದಿದೆ, ಮದ್ದು ಹೊಡೆದು ಕೊಡುತ್ತೇನೆ ಎನ್ನು ಎಂದು ನಾನು ಹೇಳಿಕೊಟ್ಟೆ.

ವಸಂತಕುಮಾರನ ಹೋಟೆಲಿನಲ್ಲಿ ಬೆಳಗಿನ ತಿಂಡಿಯ ಗದ್ದಲ. ಕೌಂಟರಿನ ಹತ್ತಿರ ಕುಂಡ ಇತ್ತು, ಕುಂಡ ಮಾರ್ಥಕ್ಕನದೇ. ಅದರಲ್ಲಿ ಇದ್ದದ್ದು ಪ್ಲಾಸ್ಟಿಕ್ ಗುಲಾಬಿ.

"ಗೊಂಡೆ ಎಲ್ಲಿ ವಸಂತಾ?"

ವಸಂತಕುಮಾರ ಗಲ್ಲಾಪೆಟ್ಟಿಗೆ ಮುಚ್ಚಿದ, ತೆರೆದ. "ಒಳಗೆ ಬಿಸಿಲಿಗೆ ಇಟ್ಟಿದ್ದೇನೆ ಅಕ್ಕಾ... ಅಡುಗೆಯವರು ಎಲ್ಲಿ ಇಟ್ರೋ ಏನೋ..." ಮಾರ್ಥಕ್ಕ ಕೌಂಟರಿಗೆ ಕೈ ಊರಿ ಅವನ ಮುಖವನ್ನೇ ನೋಡುತ್ತ ನಿಂತಳು. ಅವನು ಕೈಮುಗಿದ. "ತಂದ ವಾರವೇ ಹೋಯಿತು ಅಕ್ಕಾ. ಸಾಂಬಾರಿನ ಆವಿ ಬಡಿಯಿತು. ನಿಮಗೆ ಹೇಗೆ ಹೇಳುವುದು ಅಂತ..."

ನನಗೆ ಅಲ್ಲೇ ನಗು ಬಂತು, ಸಮಾಧಾನದ ನಗು. ಮಾರ್ಥಕ್ಕ ನಗಲಿಲ್ಲ. ಕಾರಿಗೆ ಬಂದು ಕುಳಿತು, "ಒಳ್ಳೆಯದಾಯಿತು" ಎಂದಳು. ಮೊದಲ ಸಿಗ್ನಲ್ಲಿನಲ್ಲಿ, "ಹೋದ ವರ್ಷ ಕೊಟ್ಟ ಕರಿಬೇವು ಸಹ ಅಲ್ಲಿ ಕಾಣಲಿಲ್ಲ" ಎಂದಳು.

ಸೋನಲ್ ಗುದೈಬಿಯಾದಲ್ಲಿ ಇನ್ನಿಬ್ಬರು ನರ್ಸ್‌ಗಳ ಜೊತೆ ಇರುತ್ತಾಳೆ. ರಾತ್ರಿ ಪಾಳಿ ಮುಗಿಸಿ ಮಲಗಿದ್ದವಳು ಕಣ್ಣುಜ್ಜುತ್ತ ಬಾಗಿಲು ತೆಗೆದಳು. ಸೊಂಟದವರೆಗೆ ಬಂದ ಗಿಡ ಎಲ್ಲಿ ಎಂದಾಗ ಅಳಲಿಕ್ಕೇ ಶುರು ಮಾಡಿದಳು. ಬಸ್ಸಿನಲ್ಲಿ ತರುವಾಗಲೇ ಡಬ್ಬಿ ಕೈತಪ್ಪಿ ಬಿದ್ದು ಸಸಿ ಮುರಿದಿತ್ತಂತೆ. ಅಂದರೆ ಅದು ಮನೆಯ ಮುಖವನ್ನೇ ನೋಡಿರಲಿಲ್ಲ.

"ಮತ್ತೆ ಇಷ್ಟೆತ್ತರ ಅಷ್ಟೆತ್ತರ ಅಂತ ಯಾಕೆ ಹೇಳಿದ್ದು ಮಗಾ?"

"ನೀವು ದಿನಾ ಕೇಳ್ತೀರಲ್ಲ ಆಂಟೀ. ಬೆಳೀತಾ ಉಂಟು ಅಂದ್ರೆ ನಿಮಗೆ ಅಷ್ಟು ಖುಷಿ ಆಗ್ತದೆ. ವಾರ್ಡಿನಲ್ಲಿ ಎಲ್ಲರೂ ಹಾಗೇ ಹೇಳೋದು."

"ಎಲ್ಲರೂ ಅಂದ್ರೆ?"

ಸೋನಲ್‌ಗೆ ತಾನು ಬಾಯಿ ಜಾರಿದ್ದು ಗೊತ್ತಾಯಿತು. ಆದರೆ ಮಾರ್ಥಕ್ಕ ಬಿಡುವವಳಲ್ಲ. ಒಂದೊಂದಾಗಿ ಹೊರಬಂತು. ಹೆಡ್‌ನರ್ಸಿಗೆ ಕೊಟ್ಟ ದಾಸವಾಳ, ಫಾರ್ಮಸಿಯವನಿಗೆ ಕೊಟ್ಟ ಸಾಂಬ್ರಾಣಿ ಸೊಪ್ಪು, ಇಗರ್ಜಿಯ ಹಾಡುವ ತಂಡದವರಿಗೆ ಕೊಟ್ಟ ಮಲ್ಲಿಗೆ, ಯಾವುದೂ ಇಲ್ಲ. ಒಬ್ಬರಂತೂ ಅಂಗಡಿಯಿಂದ ಬೇರೆ ಮಲ್ಲಿಗೆ ತಂದು, ಮಾರ್ಥಕ್ಕ ಬಂದಾಗ ಇದು ನಿಮ್ಮದೇ ಎಂದು ತೋರಿಸಿದ್ದರು.

ನಾವು ಮೆಟ್ಟಿಲು ಇಳಿದೆವು. ಎರಡು ಗಂಡಾಂತರ ಕಳೆದಿತ್ತು. ಅವಳ ಮುಖ ನೋಡಿದರೆ ಎರಡು ಸಾವಿನ ಮನೆಗೆ ಹೋಗಿ ಬಂದ ಹಾಗಿತ್ತು. ನನಗೆ ಸಿಟ್ಟು ಬಂದದ್ದು ಸೋನಲ್ ಮೇಲಲ್ಲ, ನಮ್ಮೆಲ್ಲರ ಈ ಮರ್ಯಾದೆಯ ಮೇಲೆ. ಒಬ್ಬಳನ್ನು ಇಷ್ಟು ವರ್ಷ ನಗುನಗುತ್ತ ಕತ್ತಲಲ್ಲಿ ಇಡುವುದಕ್ಕೆ ನಾವು ಪ್ರೀತಿ ಎಂದು ಹೆಸರಿಟ್ಟುಕೊಂಡಿದ್ದೇವೆ.

"ಸುಲೈಖಕ್ಕನದ್ದೂ ಸತ್ತಿರ್ತದೆ. ವಾಪಸ್ ಹೋಗುವ" ಎಂದಳು ಮಾರ್ಥಕ್ಕ.

ನನಗೂ ಹಾಗೆಯೇ ಅನಿಸಿತ್ತು. ಆದರೆ ನೋಡದೆ ಶುಕ್ರವಾರ ದಾಟುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಸಮುದ್ರದ ಮೇಲಿನ ರಸ್ತೆ ಹಿಡಿದು ಮುಹರ್ರಕ್‌ಗೆ ಹೋದೆವು. ಹಳೆಯ ಪೇಟೆಯ ಹಿಂದಿನ ಸಂದಿಗಳಲ್ಲಿ ಕಾರು ನುಗ್ಗುವುದಿಲ್ಲ, ತಿರುವಿನಲ್ಲಿ ನಿಲ್ಲಿಸಿ ನಡೆದೆವು. ಸುಲೈಖಕ್ಕನ ಮನೆಯ ಮರದ ಬಾಗಿಲು ಅರೆ ತೆರೆದಿತ್ತು. ಒಳಗೆ ಅಂಗಳ.

ಅಂಗಳದ ನಡುವೆ ಕುಂಡದಲ್ಲಿ ಅದು ನಿಂತಿತ್ತು. ನನ್ನ ತಲೆಗಿಂತ ಎತ್ತರ. ದಂಟು ಹೆಬ್ಬೆರಳ ದಪ್ಪ, ಎಲೆಗಳು ಕಡು ಹಸಿರು, ಒಂದು ಹಳದಿ ಚುಕ್ಕೆ ಇಲ್ಲ. ಅದರ ಪಕ್ಕದಲ್ಲಿ ಸಮವಸ್ತ್ರ ಹಾಕಿದ ರಿಝ್ವಾನ್ ಪೈಪು ಹಿಡಿದು ನೀರು ಬಿಡುತ್ತಿದ್ದ.

"ಹಲಾ ಖಾಲಾ ಮಾರ್ಥಾ! ದೇಖೋ ಆಪ್ ಕಾ ಫೂಲ್" ಎಂದು ಹಿಂದಿಯಲ್ಲಿ ಕೂಗಿದ, ಚಿಕ್ಕಮ್ಮಾ ನಿಮ್ಮ ಹೂ ನೋಡಿ ಎಂದು. ಅಮ್ಮನ ಭಾಷೆ ಅವನಿಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಮ್ಮನನ್ನು ನೋಡಿ ಹೋಗಲು ಬಂದಿದ್ದನಂತೆ. ನಾನು ಬಾಗಿಲಲ್ಲೇ ನಿಂತೆ. ಮಾರ್ಥಕ್ಕ ನನ್ನ ಸೆರಗನ್ನು ಹಿಂದಿನಿಂದ ಹಿಡಿದಿದ್ದಳು.

ಸುಲೈಖಕ್ಕ ತಲೆಗೆ ಬಟ್ಟೆ ಎಳೆದುಕೊಳ್ಳುತ್ತ ಹೊರಬಂದರು. "ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು ಎಲ್ಲ ಇದಕ್ಕೇ. ರಾತ್ರಿ ಚಳಿಗೆ ಒಳಗೆ ಇಡ್ತೇನೆ. ನೀನು ಕೊಟ್ಟದ್ದಲ್ವಾ ಮಾರ್ಥ, ಸಾಯ್ಲಿಕ್ಕೆ ಬಿಡ್ತೇನಾ?" ಎಂದು ಗಿಡದ ಬೆನ್ನು ಸವರಿದರು. ಒಲೆಯ ಮೇಲೆ ಸುಲೈಮಾನಿ ಕುದಿಯುವ ವಾಸನೆ ಬಂತು. ಅವರ ಬೆರಳುಗಳಲ್ಲಿ ಆಗಲೇ ಕಿತ್ತ ಎರಡು ಎಲೆಗಳಿದ್ದವು.

ನಾನು ಹುಳದ ಕಥೆ ಶುರು ಮಾಡಿದೆ. "ಸುಲೈಖಕ್ಕಾ, ಈ ಸಲದ ಗೊಂಡೆಗೆ ಎಂತದೋ ಹುಳ..." ರಿಝ್ವಾನ್ ಎಲೆ ತಿರುಗಿಸಿ ನೋಡಿ, ಹುಳವೇ ಇಲ್ಲವಲ್ಲ ಎಂದ.

ಆಗ ಮಾರ್ಥಕ್ಕ ನನ್ನ ಸೆರಗು ಬಿಟ್ಟು ಮುಂದೆ ಬಂದಳು. ಸುಲೈಖಕ್ಕನ ಬೆರಳಿನಿಂದ ಆ ಎರಡು ಎಲೆಗಳನ್ನು ತೆಗೆದುಕೊಂಡು ತನ್ನ ಮುಷ್ಟಿಯಲ್ಲಿ ಹಿಡಿದಳು.

"ಸುಲೈಖಕ್ಕಾ, ಇದು ನನಗೆ ವಾಪಸ್ ಬೇಕು."

ಸುಲೈಖಕ್ಕ ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ಕೊಟ್ಟ ಗಿಡ ಕೇಳ್ತಾರಾ ಯಾರಾದ್ರೂ?"

"ಕೇಳಬಾರದು. ಆದರೆ ನಾನು ಇಷ್ಟು ವರ್ಷ ಕೊಟ್ಟದ್ದರಲ್ಲಿ ಬದುಕಿದ್ದು ಇದೊಂದೇ ಅಕ್ಕಾ. ನನಗೆ ಇವತ್ತು ಗೊತ್ತಾಯಿತು. ಉಳಿದವರೆಲ್ಲ ಸುಳ್ಳು ಹೇಳಿದ್ರು. ಇದೊಂದು ನನ್ನ ಮನೆಯಲ್ಲಿರಲಿ" ಎಂದಳು. ಹೇಳುತ್ತ ಹೇಳುತ್ತ ಅವಳ ಕಣ್ಣೀರು ದಳದಳ ಇಳಿಯಿತು. ಅದು ನಾಟಕವಲ್ಲ ಎಂದು ನನಗೆ ಗೊತ್ತಿತ್ತು. ಅಷ್ಟು ಹೊತ್ತು ಹುಡುಕಿದರೂ ನನಗೆ ಒಂದು ಒಳ್ಳೆಯ ಸುಳ್ಳು ಸಿಕ್ಕಿರಲಿಲ್ಲ, ಅವಳನ್ನು ಉಳಿಸಿದ್ದು ಈ ನಿಜ.

ಸುಲೈಖಕ್ಕ ಅವಳನ್ನು ಎದೆಗೆ ಒತ್ತಿಕೊಂಡರು. "ಅಳಬೇಡ. ನಮ್ಮವರಿಗೆ ಮೂರು ವರ್ಷ ಜೀವ ಕೊಟ್ಟ ಕೈ ಇದು. ಒಂದು ಗಿಡ ಹೆಚ್ಚಾ? ತೆಗೊಂಡು ಹೋಗು" ಎಂದು, ಮಗನ ಕಡೆ ತಿರುಗಿ ಕಾರಿಗೆ ಇಡಲು ಹೇಳಿದರು.

ಹೀಗೆ ಒಬ್ಬ ಪೊಲೀಸ್ ತನ್ನ ಎರಡೂ ಕೈಯಲ್ಲಿ ಕುಂಡ ಎತ್ತಿ, ಸಂದಿಯುದ್ದಕ್ಕೂ ಎಲ್ಲರಿಗೂ ಸಲಾಂ ಹೇಳುತ್ತ ಬಂದು, ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ತುದಿ ಬಾಗಿಸಿ ಗಾಂಜಾ ಗಿಡ ಕೂರಿಸಿದ. ಬೀಳಬಾರದೆಂದು ಸೀಟ್‌ಬೆಲ್ಟ್ ಕೂಡ ಹಾಕಿದ. "ಖಾಲಾ, ಅಗ್ಲೀ ಬಾರ್ ಏಕ್ ಮುಝೆ ಭೀ ದೇನಾ" ಎಂದು ತನಗೂ ಒಂದು ಸಸಿ ಕೇಳಿದ. ಅವನಿಗೆ ಗೊಂಡೆಗೂ ಗೋಣಿಗೂ ವ್ಯತ್ಯಾಸ ಗೊತ್ತಿರಲಿಲ್ಲ, ಪುಣ್ಯ ನಮ್ಮದು. ಮಾರ್ಥಕ್ಕ ಆಗಲಿ ಎಂದು ತಲೆಯಾಡಿಸಿದಳು.

ವಾಪಸ್ ಬರುವ ದಾರಿಯಲ್ಲಿ ಸಿಗ್ನಲ್ ಸಿಕ್ಕಿದಲ್ಲೆಲ್ಲ ನಾನು ಕನ್ನಡಿಯಲ್ಲಿ ಹಿಂದೆ ನೋಡಿದರೆ ಕಾಣುತ್ತಿದ್ದದ್ದು ಬರೀ ಎಲೆಗಳು. ಪಕ್ಕದ ಕಾರಿನ ಮಗುವೊಂದು ಅದಕ್ಕೆ ಟಾಟಾ ಮಾಡಿತು. ಹಾಗೇ ಮಾಹೂಝ್ ಮುಟ್ಟಿದೆವು. ಬೆಡ್‌ಶೀಟ್ ಹೊದಿಸಿ ಲಿಫ್ಟಿಗೆ ಹಾಕಿ, ಮೇಲೆ ತಂದು, ಬಾಗಿಲು ಮುಚ್ಚಿದೆವು.

ನಾನು ಮಿಕ್ಸಿ ತೊಳೆದು ತಂದೆ. ಮಾರ್ಥಕ್ಕ ಕುಂಡದ ಎದುರು ನೆಲದ ಮೇಲೆ ಕುಳಿತಿದ್ದಳು. ಅಷ್ಟು ವರ್ಷಗಳಲ್ಲಿ ಅವಳು ಸುಮ್ಮನೆ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಎಷ್ಟು ಚಂದ ಬಂದಿದೆ ನೋಡು" ಎಂದಳು. "ನಿನಗೆ ಗೊತ್ತಿತ್ತಾ ಆಶಾ? ಉಳಿದದ್ದೆಲ್ಲ ಸತ್ತದ್ದು?"

"ಎಲ್ಲ ಗೊತ್ತಿರಲಿಲ್ಲ. ಸುಮಾರು ಗೊತ್ತಿತ್ತು."

ಅವಳು ಒಂದು ಎಲೆ ಕಿತ್ತಳು, ಇನ್ನೊಂದು ಕಿತ್ತಳು. ನನ್ನ ಕಡೆ ನೋಡದೆ ಕೇಳಿದಳು. "ಹಾಗಾದ್ರೆ ವಾರ್ಡಿನಲ್ಲಿ? ನಾನು ಸೂಜಿ ಹಾಕಿದ್ರೆ ನೋವೇ ಆಗುವುದಿಲ್ಲ ಅಂತಾರಲ್ಲ. ಅದು ಸಹ ಹೀಗೆಯೇ ಹೇಳುವುದಾ?"

ನಾನು ಆ ಎಲೆಗಳನ್ನು ಮಿಕ್ಸಿಗೆ ಹಾಕಿ ಗುಂಡಿ ಒತ್ತಿದೆ.

ಶನಿವಾರ ಪಾಳಿ ಮುಗಿಸಿ ಬಂದವಳು ಚೀಲ ಕೂಡ ಇಳಿಸದೆ ಸೀದಾ ನಮ್ಮ ಮನೆಗೆ ಬಂದಳು. "ಕೇಳಿದೆ" ಎಂದಳು. ಎಂಟು ವರ್ಷದಿಂದ ಅವಳ ಕೈಯಲ್ಲೇ ಸೂಜಿ ಹಾಕಿಸಿಕೊಳ್ಳುವ ಮುದುಕರೊಬ್ಬರನ್ನು, ದೇವರಾಣೆ ಹಾಕಿ, ನೋವಾಗುತ್ತದಾ ಎಂದು ಕೇಳಿದಳಂತೆ. ಅವರು ಮೇಲಿನ ಫ್ಯಾನ್ ನೋಡಿ, ಬೆರಳುಗಳನ್ನು ಒಂದಿಷ್ಟು ಅಗಲಿಸಿ, "ಶುವಯ್ಯ" ಎಂದರಂತೆ. ಸ್ವಲ್ಪ ಎಂದು.

"ಸ್ವಲ್ಪ ನೋವಾಗ್ತದಂತೆ ಆಶಾ. ಯಾವಾಗಲೂ ಆಗ್ತಿತ್ತಂತೆ" ಎಂದು ನಕ್ಕಳು. ನಗುವಾಗ ಕಣ್ಣು ಒದ್ದೆಯಾಗಿತ್ತು. "ಇವತ್ತು ಎಲ್ಲರಿಗೂ ನಿಧಾನ ಹಾಕಿದೆ. ಅದಕ್ಕೇ ತಡ ಆಯಿತು."

ಆಮೇಲೆ ಚೀಲದಿಂದ ಲಬಾನಿನ ಡಬ್ಬಿಯೊಂದನ್ನು ತೆಗೆದು ನನ್ನ ಕೈಗೆ ಇಟ್ಟಳು. ಅದರಲ್ಲಿ ಬಸಳೆಯ ಒಂದು ತುಂಡು ದಂಟು, ಎರಡೆಲೆ. ಇದು ಬಸಳೆಯೇ ಎಂದು ಬೆಳಿಗ್ಗೆಯೇ ಅಶ್ಮಿತಾಳಿಗೂ ತೋರಿಸಿ ಖಾತ್ರಿ ಮಾಡಿಕೊಂಡಿದ್ದಾಳಂತೆ.

"ನನ್ನ ಕೈ ಬಿಸಿ ಅಂತಿದ್ದೆಯಲ್ಲ" ಎಂದೆ.

"ಹೌದು, ಸಾಯ್ತದೋ ಏನೋ. ಸತ್ರೆ ಹೇಳು. ನೀನೊಬ್ಬಳಾದ್ರೂ ಹೇಳು" ಎಂದು ಹೊರಟಳು. ನಾನು ಥ್ಯಾಂಕ್ಸ್ ಹೇಳಲಿಲ್ಲ.

ಬಸಳೆಯನ್ನು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೇನೆ. ದಿನಕ್ಕೆ ಹತ್ತು ಸಲ ಹೋಗಿ ನೋಡುತ್ತೇನೆ, ಇತ್ತೀಚೆಗೆ ನನಗೂ ಕುಳಿತಲ್ಲಿ ಕೂರಲಾಗುವುದಿಲ್ಲ. ಇವತ್ತು ಬೆಳಿಗ್ಗೆ ಎರಡರಲ್ಲಿ ಒಂದು ಎಲೆ ಹಳದಿಯಾಗಿದೆ. ಎದುರು ಬಾಗಿಲಿನಲ್ಲಿ ಅವಳು ಬೀಗ ತೆಗೆಯುವ ಸದ್ದು ಕೇಳುತ್ತಿದೆ. ಹೋಗಿ ಹೇಳಿ ಬರುತ್ತೇನೆ.